ಆರು ಬಾಟಲಿ, ಒಂದು ಮೂಗು

2024ರ ಥ್ಯಾಂಕ್ಸ್‌ಗಿವಿಂಗ್ ರಾತ್ರಿ ನಮ್ಮ ಬೇಸ್‌ಮೆಂಟಿನ ಮೂಲೆಯಲ್ಲಿದ್ದ ಒಂದು ಮರದ ಪೆಟ್ಟಿಗೆ ಖಾಲಿಯಾಯಿತು. ಅದರಲ್ಲಿದ್ದದ್ದು ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ಕೆಂಪು ವೈನು, 2000ನೇ ಇಸವಿಯ ಸುಗ್ಗಿಯದು. ಆರು ಬಾಟಲಿಗಳನ್ನು ಇಪ್ಪತ್ತು ವರ್ಷಗಳಲ್ಲಿ ಒಂದೊಂದಾಗಿ ತೆರೆದು, ಪ್ರತಿ ಸಲವೂ ನಮಗೆ ಕಂಡದ್ದನ್ನು ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಈ ಸುದ್ದಿ ಹೇಗೋ ಸಂಪಾದಕರ ಕಿವಿಗೆ ಬಿದ್ದು, "ಡಾಕ್ಟರೇ, ಪ್ರತಿ ಸಲ ಬಿ.ಪಿ., ಶುಗರ್ ಅಂತ ಬರೆದು ನಮ್ಮನ್ನು ಹೆದರಿಸುತ್ತೀರಿ, ಈ ಸಲ ಇದನ್ನು ಬರೆಯಿರಿ" ಎಂದರು. ಬರೆದಿದ್ದೇವೆ. ಇಲ್ಲಿ 'ನಾವು' ಎಂದರೆ ಗಂಡ ಹೆಂಡತಿ ಇಬ್ಬರೂ. ಲೋಟ ಎರಡು, ನೋಟ್‌ಬುಕ್ಕು ಒಂದು.

ನಮ್ಮ ಕೂಟದಲ್ಲಿ ವೈನು ಮುಟ್ಟದ ಮನೆಗಳೇ ಹೆಚ್ಚು ಎಂಬುದು ನಮಗೆ ಗೊತ್ತು. ಅವರು ಮುಟ್ಟಲಿ ಎಂಬ ಆಸೆ ನಮಗಿಲ್ಲ. 1991ರಲ್ಲಿ ಅಮೆರಿಕದ ಟೀವಿಯಲ್ಲಿ 'ಫ್ರೆಂಚ್ ಪ್ಯಾರಡಾಕ್ಸ್' ಎಂಬ ಕಾರ್ಯಕ್ರಮ ಬಂದ ಮೇಲೆ ಕೆಂಪು ವೈನು ಹೃದಯಕ್ಕೆ ಔಷಧಿ ಎಂಬ ನಂಬಿಕೆ ಹಬ್ಬಿತು. ಇಂದಿಗೂ ಪಾರ್ಟಿಗಳಲ್ಲಿ ಯಾರಾದರೊಬ್ಬರು ನಮ್ಮ ಹತ್ತಿರ ಬಂದು ಅದಕ್ಕೆ ವೈದ್ಯರ ಸಹಿ ಕೇಳುತ್ತಾರೆ. ಸಹಿ ಸಿಗುವುದಿಲ್ಲ. ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಮದ್ಯ ಸೇರಿದ್ದು 1988ರಲ್ಲೇ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು. ನಾವು ವರ್ಷಕ್ಕೆ ಕೆಲವೇ ಸಲ ಕುಡಿಯುತ್ತೇವೆ, ರುಚಿಗಾಗಿ ಕುಡಿಯುತ್ತೇವೆ, ಔಷಧಿಯೆಂದು ಕುಡಿಯುವುದಿಲ್ಲ. ಈ ಲೇಖನ ವಿಮರ್ಶೆ, ಶಿಫಾರಸು ಅಲ್ಲ.

ನಮ್ಮ ಮಗಳು ಹುಟ್ಟಿದ್ದು 2000ನೇ ಇಸವಿಯ ಅಕ್ಟೋಬರಿನಲ್ಲಿ, ರೆಸಿಡೆನ್ಸಿ ಮುಗಿದ ಮರುವರ್ಷ. ಆಗ ನಮ್ಮ ವಿಭಾಗದಲ್ಲಿ ಒಬ್ಬ ಹಿರಿಯ ಸರ್ಜನ್ ಇದ್ದರು. ಅವರ ಕಡೆಯಲ್ಲಿ, ಅಂದರೆ ಇಂಗ್ಲೆಂಡಿನಲ್ಲಿ, ಮಗು ಹುಟ್ಟಿದ ವರ್ಷದ ಬೋರ್ಡೊ ಕೊಂಡು ಮಗುವಿಗೆ ಇಪ್ಪತ್ತೊಂದು ತುಂಬುವವರೆಗೆ ಇಡುವ ವಾಡಿಕೆಯಂತೆ. ನಮ್ಮಲ್ಲಿ ಮಗಳು ಹುಟ್ಟಿದರೆ ತೆಂಗಿನ ಸಸಿ ನೆಡುತ್ತಾರೆ. ಮಿಷಿಗನ್ನಿನ ಚಳಿಗೆ ತೆಂಗು ಬದುಕದು, ವೈನಾದರೂ ಇರಲಿ ಎಂದುಕೊಂಡೆವು. 2003ರಲ್ಲಿ ಆ ಸುಗ್ಗಿಯ ವೈನು ಅಂಗಡಿಗೆ ಬಂದಾಗ, ಇಲ್ಲೇ ಇರುವ ಮೈಸೂರಿನ ಮಿತ್ರ ದಂಪತಿಯ ಜೊತೆ ಸೇರಿ ಹನ್ನೆರಡು ಬಾಟಲಿಯ ಒಂದು ಪೆಟ್ಟಿಗೆ ಕೊಂಡೆವು. ಅವರಿಗೆ ಆರು, ನಮಗೆ ಆರು, ಮರದ ಪೆಟ್ಟಿಗೆ ನಮಗೆ. ಒಂದು ಬಾಟಲಿಯ ಬೆಲೆ ಆಗಿನ ನಮ್ಮ ಒಂದು ವಾರದ ದಿನಸಿಗಿಂತ ಹೆಚ್ಚು. ಊರಿಗೆ ಫೋನ್ ಮಾಡಿದಾಗ ಈ ವಿಷಯ ಹೇಳಲಿಲ್ಲ.

ವೈನಿನ ಹೆಸರು ಶಾಟೊ ಲಿಯೊವಿಲ್ ಬಾರ್ಟನ್. ಬೋರ್ಡೊದ ಸ್ಯಾನ್ ಜ್ಯುಲಿಯನ್ ಎಂಬ ಊರಿನದು. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕಾಗಿ ಮೆಡೊಕ್ ಸೀಮೆಯ ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದಾಗ ಇದಕ್ಕೆ ಎರಡನೆಯ ದರ್ಜೆ ಸಿಕ್ಕಿತು. ಐರ್ಲೆಂಡ್ ಮೂಲದ ಬಾರ್ಟನ್ ಮನೆತನ ಈ ತೋಟವನ್ನು ಕೊಂಡದ್ದು 1826ರಲ್ಲಿ. ಇನ್ನೂ ಅವರ ಕೈಯಲ್ಲೇ ಇದೆ. ತಮಾಷೆಯೆಂದರೆ ಹೆಸರಿನಲ್ಲಿ ಶಾಟೊ ಇದೆಯೇ ಹೊರತು ಈ ತೋಟಕ್ಕೆ ಸ್ವಂತದ ಬಂಗಲೆಯೇ ಇಲ್ಲ. ಲೇಬಲ್ಲಿನ ಮೇಲಿರುವ ಚಿತ್ರ ಪಕ್ಕದ ತೋಟ ಲಾಂಗೊವಾ ಬಾರ್ಟನ್ನಿನದು, ಅದೂ ಅದೇ ಮನೆತನದ್ದು. ಮುಖ್ಯವಾದ ಸಂಗತಿ ಬೇರೆ: ಇದರಲ್ಲಿ ಕ್ಯಾಬರ್ನೆ ಸೊವಿನ್ಯೊನ್ ದ್ರಾಕ್ಷಿಯ ಪಾಲು ಹೆಚ್ಚು. ಸಣ್ಣ ಕಾಯಿ, ದಪ್ಪ ಸಿಪ್ಪೆ, ಭಾರಿ ಒಗರು. ಇಂಥ ವೈನು ಎಳೆಯದಿದ್ದಾಗ ಯಾರನ್ನೂ ಹತ್ತಿರ ಸೇರಿಸುವುದಿಲ್ಲ.

ಇದನ್ನು ಆರಿಸಿದ್ದು ಅಂಕ ನೋಡಿ. ಬೋರ್ಡೊದ ಪದ್ಧತಿ ವಿಚಿತ್ರ. ಸುಗ್ಗಿಯಾದ ಮುಂದಿನ ವಸಂತದಲ್ಲಿ, ವೈನು ಇನ್ನೂ ಪೀಪಾಯಿಯಲ್ಲಿ ಇರುವಾಗಲೇ, ವ್ಯಾಪಾರಿಗಳು ಮತ್ತು ವಿಮರ್ಶಕರು ಬಂದು ರುಚಿ ನೋಡುತ್ತಾರೆ, ಅಂಕ ಬರುತ್ತದೆ, ಬೆಲೆ ನಿಗದಿಯಾಗುತ್ತದೆ, ಮಾರಾಟವೂ ಶುರುವಾಗುತ್ತದೆ. ಬಾಟಲಿ ಕೈಗೆ ಸಿಗುವುದು ಇನ್ನೆರಡು ವರ್ಷದ ಮೇಲೆ. ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಕ್ರಮವನ್ನು ಜನಪ್ರಿಯ ಮಾಡಿದವರು ಅಮೆರಿಕದ ವಕೀಲ ರಾಬರ್ಟ್ ಪಾರ್ಕರ್. 1978ರಲ್ಲಿ ಸ್ವಂತ ಪತ್ರಿಕೆ ಶುರುಮಾಡಿ, 1982ರ ಬೋರ್ಡೊವನ್ನು ಬಾಯ್ತುಂಬ ಹೊಗಳಿ ಹೆಸರು ಮಾಡಿದವರು, 2019ರಲ್ಲಿ ನಿವೃತ್ತರಾದರು. ಅವರ ಪದ್ಧತಿಯಲ್ಲಿ ಲೋಟಕ್ಕೆ ಬಂದ ತಪ್ಪಿಗೇ ಐವತ್ತು ಅಂಕ ಸಿಗುತ್ತದೆ, ಉಳಿದ ಐವತ್ತಕ್ಕೆ ಮಾತ್ರ ಪರೀಕ್ಷೆ. ನಮ್ಮ ಎಂ.ಬಿ.ಬಿ.ಎಸ್. ವೈವಾಗಳಲ್ಲಿ ಹೀಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಪೀಪಾಯಿಯ ಮುಂದೆ ನಿಂತು ಕೊಡುವ ಈ ಅಂಕ ನಮಗೆ ಹೆರಿಗೆ ವಾರ್ಡಿನ ಅಪ್ಗಾರ್ ಸ್ಕೋರನ್ನು ನೆನಪಿಸುತ್ತದೆ. ವರ್ಜೀನಿಯಾ ಅಪ್ಗಾರ್ ಎಂಬ ಅರಿವಳಿಕೆ ತಜ್ಞೆ 1952ರಲ್ಲಿ ರೂಪಿಸಿದ ಕ್ರಮ: ಮಗು ಹುಟ್ಟಿದ ಒಂದು ನಿಮಿಷಕ್ಕೆ, ಐದು ನಿಮಿಷಕ್ಕೆ ಬಣ್ಣ, ನಾಡಿ, ಉಸಿರು, ಕೈಕಾಲಿನ ಬಿಗಿ, ಅಳು ನೋಡಿ ಹತ್ತಕ್ಕೆ ಇಷ್ಟು ಎನ್ನುತ್ತೇವೆ. ಬಹಳ ಉಪಯುಕ್ತ. ಈ ಮಗುವಿಗೆ ಈಗ ನಮ್ಮ ಸಹಾಯ ಬೇಕೇ ಎಂದು ಅದು ಹೇಳುತ್ತದೆ. ಈ ಮಗು ಮುಂದೆ ಸಂಗೀತ ಕಲಿಯುತ್ತದೆಯೇ, ನಲವತ್ತಕ್ಕೆ ಹೇಗಿರುತ್ತದೆ ಎಂದು ಅದು ಹೇಳುವುದಿಲ್ಲ, ಹೇಳುತ್ತೇನೆಂದು ಡಾಕ್ಟರ್ ಅಪ್ಗಾರ್ ಎಂದೂ ಹೇಳಲಿಲ್ಲ. ವೈನಿನ ಲೋಕದಲ್ಲಿ ಮಾತ್ರ ಐದನೆಯ ನಿಮಿಷದ ಅಂಕವನ್ನು ಹಣೆಬರಹ ಎಂದು ಓದಿ ಹಣ ಕೊಡುತ್ತಾರೆ. ನಾವೂ ಕೊಟ್ಟೆವು.

ಮೊದಲ ಬಾಟಲಿ ತೆರೆದದ್ದು 2004ರಲ್ಲಿ, ಬರೀ ಕುತೂಹಲಕ್ಕೆ. ನೋಟ್‌ಬುಕ್ಕಿನಲ್ಲಿ ಆ ದಿನ ಇಂಗ್ಲಿಷಿನಲ್ಲಿ ಬರೆದಿದ್ದೇವೆ: ಬ್ಲ್ಯಾಕ್‌ಕರಂಟ್, ಸೀಡರ್, ಪೆನ್ಸಿಲ್. ಈಗ ಓದಿದರೆ ನಗು ಬರುತ್ತದೆ. ಬ್ಲ್ಯಾಕ್‌ಕರಂಟ್ ಹಣ್ಣನ್ನು ನಾವು ಆಗ ಕಣ್ಣಾರೆ ಕಂಡಿರಲಿಲ್ಲ. ಅಮೆರಿಕದವರೂ ಹೆಚ್ಚು ಕಂಡವರಲ್ಲ. ಪೈನ್ ಮರಗಳಿಗೆ ರೋಗ ತರುತ್ತದೆಂದು ಈ ದೇಶದಲ್ಲಿ 1911ರಿಂದ 1966ರವರೆಗೆ ಆ ಗಿಡ ಬೆಳೆಯುವುದನ್ನೇ ನಿಷೇಧಿಸಿದ್ದರು. ತಿನ್ನದ ಹಣ್ಣಿನ ಹೆಸರನ್ನು ಪುಸ್ತಕದಿಂದ ಎತ್ತಿ ಬರೆದರೆ ಅದು ವಿಮರ್ಶೆಯೇ? ಪಕ್ಕದವನ ಕೇಸ್ ಶೀಟ್ ನಕಲು ಮಾಡಿದಂತೆ.

ಅದೇ ಪುಟದ ಕೊನೆಗೆ ನಮ್ಮ ಶ್ರೀಮತಿಯವರು ಕನ್ನಡದಲ್ಲಿ ಒಂದೇ ಸಾಲು ಗೀಚಿದ್ದಾರೆ: "ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು, ಹಿಂದೆ ನೇರಳೆ ಹಣ್ಣು." ಇಡೀ ಪುಟದಲ್ಲಿ ಸತ್ಯವಾದ ಸಾಲು ಅದೊಂದೇ. ಒಗರು! ನೇರಳೆ, ನೆಲ್ಲಿಕಾಯಿ, ಎಳೆ ಅಡಿಕೆ ತಿಂದು ಬೆಳೆದವರಿಗೆ ಯಾರೂ ವಿವರಿಸಬೇಕಾದ ಪದವಲ್ಲ. ಇಂಗ್ಲಿಷಿನವರಿಗೆ ಅಡುಗೆಮನೆಯ ಮಾತಿನಲ್ಲಿ ಇದಕ್ಕೆ ಪದವೇ ಇಲ್ಲ. ಔಷಧಿ ಅಂಗಡಿಯಿಂದ ಒಂದು ಪದ ತಂದುಕೊಂಡಿದ್ದಾರೆ. ನಮ್ಮ ಷಡ್ರಸಗಳಲ್ಲಿ ಅದಕ್ಕೆ ಕಷಾಯವೆಂದು ಸ್ವಂತ ಪೀಠವೇ ಇದೆ. ಶರೀರಶಾಸ್ತ್ರದ ಪ್ರಕಾರ ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಸಿಪ್ಪೆ ಮತ್ತು ಬೀಜದಿಂದ ಬಂದ ಟ್ಯಾನಿನ್ ಎಂಬ ವಸ್ತು ಲಾಲಾರಸದ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟುತ್ತದೆ, ಬಾಯಿಯ ಜಾರಿಕೆ ಹೋಗಿ ಒಣಗಿದಂತಾಗುತ್ತದೆ. ಅಂದಿನಿಂದ ನಮ್ಮ ನೋಟ್‌ಬುಕ್ಕು ಕನ್ನಡಕ್ಕೆ ತಿರುಗಿತು.

ವೈನು ಹಳತಾಗುವುದೆಂದರೆ ಏನು? ಊರಿನಲ್ಲಿ ಹಳೇ ಅಕ್ಕಿ, ಹಳೇ ಹುಣಸೆಹಣ್ಣು ಎಂದರೆ ಒಂದು ಮರ್ಯಾದೆ. ಹೊಸ ಅಕ್ಕಿಯ ಅನ್ನ ಮುದ್ದೆ, ಹಳೆಯದು ಉದುರುದುರು. ಆದರೆ ಹಳೇ ಕಾಫಿಪುಡಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ವೈನಿನಲ್ಲೂ ಎರಡು ಜಾತಿ ಇವೆ, ಮತ್ತು ಪ್ರಪಂಚದ ವೈನಿನಲ್ಲಿ ಬಹುಪಾಲು ಕಾಫಿಪುಡಿಯ ಜಾತಿ, ಕೊಂಡ ಒಂದೆರಡು ವರ್ಷದಲ್ಲಿ ಮುಗಿಸಬೇಕಾದದ್ದು. ಅಕ್ಕಿಯ ಜಾತಿಯ ಕೆಂಪು ವೈನಿನೊಳಗೆ ನಿಧಾನವಾಗಿ ನಡೆಯುವುದು ಇಷ್ಟು: ನೇರಳೆಗೂ ಬಣ್ಣ ಕೊಡುವ ಆಂಥೋಸಯನಿನ್ ಮತ್ತು ಟ್ಯಾನಿನ್ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕೆಲವು ದೊಡ್ಡದಾಗಿ ಬಾಟಲಿಯ ತಳಕ್ಕೆ ಕಾಫಿ ಚರಟದಂತೆ ಇಳಿಯುತ್ತವೆ. ನೇರಳೆ ಬಣ್ಣ ಇಟ್ಟಿಗೆಯ ಕಡೆಗೆ ತಿರುಗುತ್ತದೆ. ಒಗರಿನ ಮೊನೆ ಸವೆಯುತ್ತದೆ. ಹಣ್ಣಿನ ವಾಸನೆ ಹಿಂದೆ ಸರಿದು ಒಣಗಿದ ಎಲೆ, ಹೊಗೆಸೊಪ್ಪು, ಚರ್ಮ, ಅಣಬೆ, ಮಣ್ಣಿನ ವಾಸನೆಗಳು ಬರುತ್ತವೆ. ಬಿರಡೆಯ ಮೂಲಕ ಒಳಸೇರುವ ತೀರ ಅಲ್ಪ ಆಮ್ಲಜನಕಕ್ಕೂ ಇದರಲ್ಲಿ ಪಾತ್ರವಿದೆ.

ಇಲ್ಲಿ ಒಂದು ಓಟದ ಪಂದ್ಯ ಇದೆ ಎಂಬುದನ್ನು ಅಂಕದ ಪಟ್ಟಿ ಹೇಳುವುದಿಲ್ಲ. ಒಗರು ಇಳಿಯುವುದಕ್ಕೂ ಹಣ್ಣು ಸಾಯುವುದಕ್ಕೂ ಪಂದ್ಯ. ಹಣ್ಣು ಉಳಿದಿರುವಾಗಲೇ ಒಗರು ಇಳಿದರೆ ಗೆದ್ದೆವು. 1975ರ ಬೋರ್ಡೊ ಇದಕ್ಕೆ ಪಾಠ. ಆ ವರ್ಷದ ವೈನು ಕಬ್ಬಿಣದಂತೆ ಗಟ್ಟಿ, ಬಹುಕಾಲ ಬಾಳುತ್ತದೆ ಎಂದು ಎಲ್ಲರೂ ಕಾದರು. ಅನೇಕ ವೈನುಗಳಲ್ಲಿ ಹಣ್ಣು ಮೊದಲು ಹೋಯಿತು, ಒಗರು ಹಾಗೇ ಉಳಿಯಿತು. ಬಿಗಿ ಇದ್ದದ್ದೆಲ್ಲ ಬಾಳುವುದಿಲ್ಲ; ಬಿಗಿಯ ಒಳಗೆ ಏನಿದೆ ಎಂದು ನೋಡಬೇಕು. ಹಳೆಯ ವೈನಿನ ವಿಮರ್ಶಕ ಕೇಳಬೇಕಾದ ಪ್ರಶ್ನೆ ಎಷ್ಟು ಅಂಕ ಎಂಬುದಲ್ಲ. ಏನು ಹೋಯಿತು, ಅದರ ಜಾಗಕ್ಕೆ ಏನು ಬಂತು? ಈ ಪ್ರಶ್ನೆಗೆ ಉತ್ತರ ಹೇಳಲು ಅದೇ ವೈನನ್ನು ಹಿಂದೆ ಕುಡಿದಿರಬೇಕು. ಒಂದೇ ಸಲ ಕ್ಲಿನಿಕ್ಕಿಗೆ ಬಂದ ರೋಗಿಯ ಬಗ್ಗೆ ನಾವು ಎಷ್ಟು ತಾನೇ ಹೇಳಬಲ್ಲೆವು?

ನೋಟ್‌ಬುಕ್ಕಿಗೆ ಮರಳೋಣ. 2008ರ ಎರಡನೆಯ ಬಾಟಲಿ: "ಒಗರು ಹಾಗೇ. ನೇರಳೆ ಎಲ್ಲಿ ಹೋಯಿತು?" 2012ರ ಮೂರನೆಯದು ಇನ್ನೂ ಕೆಟ್ಟ ಅನುಭವ, ವಾಸನೆಯೇ ಇಲ್ಲ, ಮುಖ ತಿರುಗಿಸಿ ಕೂತ ಹದಿಹರೆಯದ ಮಗುವಿನಂತೆ. ಮನೆಯಲ್ಲಿ ಅಂಥದ್ದೇ ಒಂದು ತಯಾರಾಗುತ್ತಿತ್ತು, ಹಾಗಾಗಿ ಹೋಲಿಕೆ ಹುಡುಕಬೇಕಾಗಲಿಲ್ಲ. ವೈನು ತಿಳಿದವರು ಇದನ್ನು ಮೂಕ ಅವಸ್ಥೆ ಎನ್ನುತ್ತಾರೆ. ಎಳೆಯ ಹಣ್ಣು ಹೋಗಿದೆ, ಮುಂದಿನದು ಬಂದಿಲ್ಲ. ಆ ದಿನ ನಾವು ಅಂಕ ಕೊಟ್ಟಿದ್ದರೆ ಫೇಲು ಮಾಡುತ್ತಿದ್ದೆವು.

ಇಷ್ಟರಲ್ಲಿ ಮಿತ್ರ ದಂಪತಿಯ ಆರೂ ಬಾಟಲಿ 2007ರಲ್ಲೇ ಮುಗಿದಿದ್ದವು. ಒಂದು ಗ್ರೀನ್ ಕಾರ್ಡ್ ಬಂದ ದಿನ, ಒಂದು ಹೊಸ ಮನೆಗೆ, ಒಂದು ಅವರ ತಮ್ಮ ಊರಿನಿಂದ ಬಂದಾಗ, ಒಂದು ಯಾವ ಕಾರಣವೂ ಇಲ್ಲದ ಶುಕ್ರವಾರ ಬಿಸಿಬೇಳೆಬಾತಿನ ಜೊತೆ. ಆಗ ನಾವು ಬಿಸಿಬೇಳೆಬಾತಿನ ವಿಷಯಕ್ಕೆ ಅವರನ್ನು ಬಹಳ ಹೀಯಾಳಿಸಿದೆವು. ಖಾರ ಮತ್ತು ಹುಳಿಯ ಮುಂದೆ ಒಗರಿನ ವೈನು ಇನ್ನಷ್ಟು ಒರಟಾಗುತ್ತದೆ, ಇದು ನಿಜ. ಹಳೆಯ ಬೋರ್ಡೊಗೆ ನಮ್ಮ ಸಾರು, ಹುಳಿ, ಎಣ್ಣೆಗಾಯಿ ಯಾವುದೂ ಹೊಂದುವುದಿಲ್ಲ. ಬೆಣ್ಣೆಯಲ್ಲಿ ಹುರಿದ ಅಣಬೆ, ಮೇಲೆ ಸ್ವಲ್ಪ ಕಾಳುಮೆಣಸು, ಅಷ್ಟೇ. ಆದರೂ ಮಿತ್ರರ ವಾದ ಬೇರೆ ಇತ್ತು. "ನೀವು ವೈನು ಬದಲಾಗುತ್ತದೆ ಅಂತ ಕಾಯ್ತಿದ್ದೀರಿ ಸ್ವಾಮಿ, ನೀವು ಬದಲಾಗೋದಿಲ್ಲ ಅಂತ ಯಾರು ಹೇಳಿದರು?" ಎಂದರು. ನಕ್ಕುಬಿಟ್ಟೆವು.

2016ರ ನಾಲ್ಕನೆಯ ಬಾಟಲಿ. ಬಿರಡೆ ತೆಗೆದು, ಚರಟ ಬಾರದಂತೆ ನಿಧಾನವಾಗಿ ಗಾಜಿನ ಹೂಜಿಗೆ ಬಗ್ಗಿಸಿ, ಒಂದು ಗಂಟೆ ಬಿಟ್ಟೆವು. ಆ ಪುಟದಲ್ಲಿ ಇಬ್ಬರ ಅಕ್ಷರವೂ ಇದೆ, ಒಬ್ಬರ ಮೇಲೊಬ್ಬರು ಬರೆದು ಗಿಜಿಗಿಜಿ. "ನೇರಳೆ ವಾಪಸ್, ಆದರೆ ಒಣಗಿದ್ದು, ಒಣದ್ರಾಕ್ಷಿಯಲ್ಲ, ಬಿಸಿಲಿಗಿಟ್ಟ ನೇರಳೆ." "ಅಜ್ಜಿಯ ಎಲೆಅಡಿಕೆ ಡಬ್ಬಿ." "ಮೊದಲ ಮಳೆ." "ಒಗರು ಇದೆ, ಚುಚ್ಚುವುದಿಲ್ಲ, ಹಿಡಿದುಕೊಳ್ಳುತ್ತದೆ." ನುಂಗಿದ ಮೇಲೆ ರುಚಿ ಬಹಳ ಹೊತ್ತು ನಿಂತಿತು. ಎಲೆಅಡಿಕೆ ಡಬ್ಬಿ ಎಂದದ್ದು ಸುಮ್ಮನೆ ಊರಿನ ಹಂಬಲವಲ್ಲ. ಸುಣ್ಣ, ಕಾಚು, ಕಡ್ಡಿಪುಡಿ, ತಾಮ್ರ ಎಲ್ಲ ಬೆರೆತ ಆ ವಾಸನೆಯನ್ನೇ ಇಂಗ್ಲಿಷಿನವರು ಸಿಗಾರ್ ಪೆಟ್ಟಿಗೆ ಎನ್ನುತ್ತಾರೆ ಎಂದು ನಮ್ಮ ಅಂದಾಜು. ಅವರ ಅಜ್ಜನ ಪೆಟ್ಟಿಗೆ ಅವರಿಗೆ, ನಮ್ಮ ಅಜ್ಜಿಯ ಡಬ್ಬಿ ನಮಗೆ.

ಇಷ್ಟು ಹೇಳಿದ ಮೇಲೆ ನಮ್ಮ ಮಾತನ್ನು ಎಷ್ಟು ನಂಬಬೇಕು ಎಂಬುದನ್ನೂ ಹೇಳಬೇಕು. ಬೋರ್ಡೊದಲ್ಲೇ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವೈನು ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ಒಪ್ಪಿಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಹಾಡ್ಜ್‌ಸನ್ ಎಂಬವರು, ತೀರ್ಪುಗಾರರಿಗೆ ತಿಳಿಯದಂತೆ ಒಂದೇ ವೈನನ್ನು ಮೂರು ಸಲ ಕೊಟ್ಟು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು: ಮೂರು ಸಲವೂ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಹತ್ತಕ್ಕೆ ಒಬ್ಬರು. ಇಂಥ ಉಪಕರಣದಿಂದ ಬಂದ 93 ಮತ್ತು 94ರ ನಡುವಿನ ವ್ಯತ್ಯಾಸಕ್ಕೆ ಯಾವ ಲ್ಯಾಬೂ ಬೆಲೆ ಕೊಡದು.

ಫ್ರೆಂಚ್ ವೈನು ಹಳತಾದಷ್ಟೂ ಶ್ರೇಷ್ಠ ಎಂಬ ನಂಬಿಕೆಗೂ ಒಂದು ದೊಡ್ಡ ಪರೀಕ್ಷೆ ಆಗಿದೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಫ್ರೆಂಚ್ ತೀರ್ಪುಗಾರರಿಗೆ ಲೇಬಲ್ ಮುಚ್ಚಿ ವೈನು ಕೊಟ್ಟರು. ಕೆಂಪಿನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973, ಬೋರ್ಡೊದ ಮೂತೋನ್ 1970ನ್ನು ಹಿಂದಿಕ್ಕಿ ಮೊದಲು ಬಂತು. ಎಳೆಯದಿರುವಾಗ ಸರಿ, ಹಳತಾಗಲಿ ನೋಡೋಣ ಎಂದರು ಫ್ರಾನ್ಸಿನ ಪರದವರು. ಸರಿ, ಹಳತಾಯಿತು. ಮೂವತ್ತು ವರ್ಷದ ಮೇಲೆ, 2006ರ ಅದೇ ಮೇ 24ರಂದು, ಅದೇ ಸುಗ್ಗಿಗಳ ಬಾಟಲಿಗಳನ್ನು ಲಂಡನ್ನಿನಲ್ಲೂ ನಾಪಾದಲ್ಲೂ ಮತ್ತೆ ತೆರೆದರು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ, ಎಲ್ಲಕ್ಕೂ ಮೇಲೆ ರಿಡ್ಜ್ ಮಾಂಟೆ ಬೆಲ್ಲೊ 1971. ಇದರಿಂದ ಬೋರ್ಡೊ ಕೀಳು ಎಂದಾಗುವುದಿಲ್ಲ. ಹತ್ತು ಬಾಟಲಿಯ ಪರೀಕ್ಷೆಯಿಂದ ಒಂದು ದೇಶದ ತೀರ್ಪು ಬರೆಯಬಾರದು. ಆದರೆ ಚೆನ್ನಾಗಿ ಹಳತಾಗುವುದು ಒಂದು ನಾಡಿನ ಜನ್ಮಸಿದ್ಧ ಹಕ್ಕಲ್ಲ ಎಂದಾಯಿತು. ಫ್ರಾನ್ಸಿನಲ್ಲೇ ಬರ್ಗಂಡಿಯ ಬಿಳಿ ವೈನು ನೋಡಿ. 1990ರ ದಶಕದ ಮಧ್ಯದ ಸುಗ್ಗಿಗಳಿಂದ ಈಚೆಗೆ, ಹತ್ತು ಹದಿನೈದು ವರ್ಷ ಬಾಳಬೇಕಾದ ಬಾಟಲಿಗಳಲ್ಲಿ ಹಲವು ಏಳೆಂಟು ವರ್ಷಕ್ಕೇ ಕಂದಾಗಿ ಹೊರಬಂದವು. ನಾವೂ ಒಮ್ಮೆ ಅತಿಥಿಗಳ ಮುಂದೆ ಹೆಮ್ಮೆಯಿಂದ ತೆರೆದ ಬಾಟಲಿ (ತಯಾರಕರ ಹೆಸರು ಬೇಡ) ತುಂಡು ಮಾಡಿಟ್ಟ ಸೇಬಿನ ವಾಸನೆ ಬೀರಿತು. ಅತಿಥಿಗಳು ಸೌಜನ್ಯಕ್ಕೆ ಚೆನ್ನಾಗಿದೆ ಎಂದರು. ನಮಗೆ ಅದೇ ಹೆಚ್ಚು ಬೇಸರವಾದದ್ದು.

ಈಗ ಮೂಗಿನ ಕಥೆ. 2020ರ ನವೆಂಬರಿನಲ್ಲಿ, ಲಸಿಕೆ ಬರುವ ಮುಂಚೆ, ನಮ್ಮಿಬ್ಬರಲ್ಲಿ ಆಸ್ಪತ್ರೆಗೆ ಹೋಗುವವರಿಗೆ ಕೋವಿಡ್ ಬಂತು. ಜ್ವರ ಒಂದು ವಾರಕ್ಕೆ ಹೋಯಿತು, ಅದರ ಜೊತೆ ವಾಸನೆಯೂ ಹೋಯಿತು. ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳನ್ನು ಈ ವೈರಸ್ಸು ಹಿಡಿಯುತ್ತದೆ. ಒಗ್ಗರಣೆಯ ಸದ್ದು ಕೇಳಿಸುತ್ತದೆ, ಘಮ ಇಲ್ಲ. ನಾಲ್ಕು ತಿಂಗಳ ಮೇಲೆ ಬಂದದ್ದು ತಪ್ಪು ವಾಸನೆ. ಫಿಲ್ಟರ್ ಕಾಫಿ ಸುಟ್ಟ ರಬ್ಬರಿನಂತೆ. ಕಾಫಿ ಇಲ್ಲದ ಬೆಳಗನ್ನು ವರ್ಣಿಸುವ ಅಗತ್ಯ ಈ ಪತ್ರಿಕೆಯ ಓದುಗರಿಗೆ ಇಲ್ಲ. ರೋಗಿಗಳಿಗೆ ಹೇಳುವ ಚಿಕಿತ್ಸೆಯನ್ನೇ ಮಾಡಿಕೊಂಡೆವು. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮ ಅದು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ನಾಲ್ಕನ್ನೂ ದಿನಕ್ಕೆರಡು ಸಲ ಮನಸ್ಸಿಟ್ಟು ಮೂಸುವುದು. ಬೆಳಗ್ಗೆ ಸಂಜೆ ಸಂಧ್ಯಾವಂದನೆಯಂತೆ ನಡೆಯಿತು.

2021ರ ಅಕ್ಟೋಬರಿಗೆ ಮಗಳಿಗೆ ಇಪ್ಪತ್ತೊಂದು. ಯಾವ ದಿನಕ್ಕೆಂದು ಪೆಟ್ಟಿಗೆ ಕೊಂಡಿದ್ದೆವೋ ಆ ದಿನ. ಐದನೆಯ ಬಾಟಲಿ ತೆರೆದೆವು. ನೋಟ್‌ಬುಕ್ಕಿನಲ್ಲಿ ಆ ದಿನ ಶ್ರೀಮತಿಯವರ ಅಕ್ಷರ ಮಾತ್ರ ಇದೆ: "2016ಕ್ಕಿಂತ ಮೆತ್ತಗೆ. ಅಮ್ಮನ ಸೀರೆ ಪೆಟ್ಟಿಗೆ. ಅಣಬೆ. ಎಲ್ಲ ಒಟ್ಟಿಗೆ, ಬಿಡಿಸಿ ಹೇಳಲಾರೆ." ಮಗಳು ಮೂಸಿ, "ಅಪ್ಪಾ, ಹಳೇ ಲೈಬ್ರರಿ ಥರ ಇದೆ. ಇದಕ್ಕಾ ಇಪ್ಪತ್ತೊಂದು ವರ್ಷ ಕಾದಿದ್ದು?" ಎಂದಳು. ಮತ್ತೊಂದು ಗುಟುಕು ಕುಡಿದು, "ಇನ್ನು ಸ್ವಲ್ಪ ಹಾಕಿ" ಎಂದಳು. ಅಪ್ಪನ ಬಾಯಿಗೆ ಬಂದದ್ದು ಹುಳಿ, ಸ್ವಲ್ಪ ಬಿಸಿ, ಮತ್ತು ಒಗರು. ಅಷ್ಟೇ.

ಆದರೂ ಆ ರಾತ್ರಿ ಒಂದು ವಿಷಯ ತಿಳಿಯಿತು. ವಾಸನೆಯ ಗದ್ದಲವಿಲ್ಲದೆ ಒಗರೊಂದನ್ನೇ ಗಮನಿಸಿದಾಗ, 2004ರ ಬಾಳೆಕಾಯಿಯ ಜಾಗದಲ್ಲಿ ಹಳೇ ರೇಷ್ಮೆ ನಾಲಿಗೆಗೆ ತಾಗಿತು. ವೈನಿನ ಮೂಳೆ ಹೇಗಿದೆ ಎಂದು ಎಕ್ಸ್‌ರೇ ನೋಡಿದಂತೆ. ಮುಖ ಕಾಣಲಿಲ್ಲ. ಮಿತ್ರರು 2007ರಲ್ಲಿ ಹೇಳಿದ ಮಾತು ಆಗ ನೆನಪಾಯಿತು. ಅವರೂ ಮೇಜಿನ ಎದುರಿಗೇ ಕೂತಿದ್ದರು, ದೊಡ್ಡತನದಿಂದ ಸುಮ್ಮನಿದ್ದರು. ಕೋವಿಡ್ಡನ್ನು ಬಿಟ್ಟರೂ ಲೆಕ್ಕ ಅವರ ಕಡೆಗೇ ಇದೆ. 65ರಿಂದ 80 ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವಾಸನಾಶಕ್ತಿ ಗಣನೀಯವಾಗಿ ಕುಗ್ಗಿರುತ್ತದೆ ಎಂದು ಫಿಲಡೆಲ್ಫಿಯಾದ ರಿಚರ್ಡ್ ಡೋಟಿ 1984ರಲ್ಲೇ ತೋರಿಸಿದ್ದರು. ಇಂತಿಂಥ ವೈನನ್ನು 2050ರವರೆಗೆ ಇಡಬಹುದು ಎಂದು ಐವತ್ತು ದಾಟಿದವರಿಗೆ ಸಲಹೆ ಕೊಡುವ ವಿಮರ್ಶಕರು ಈ ಲೆಕ್ಕವನ್ನು ಎಲ್ಲೂ ಸೇರಿಸುವುದಿಲ್ಲ.

ಕೊನೆಯ ಬಾಟಲಿಯನ್ನು ಇನ್ನು ಇಡಬಾರದೆಂದು 2024ರಲ್ಲಿ ತೆರೆದೆವು. ಮೂಗು ಮುಕ್ಕಾಲು ಪಾಲು ವಾಪಸ್ ಬಂದಿತ್ತು. ಲವಂಗ, ನಿಂಬೆ ಸ್ಪಷ್ಟ, ಗುಲಾಬಿ ಮಸುಕು, ಕಾಫಿ ಕಾಫಿಯಾಗಿತ್ತು. ಮಿತ್ರ ದಂಪತಿ ಬಂದಿದ್ದರು, ಮಗಳು ಷಿಕಾಗೋದಿಂದ ಬಂದಿದ್ದಳು. ಲೋಟದ ಅಂಚಿನಲ್ಲಿ ಇಟ್ಟಿಗೆ ಬಣ್ಣ, ನಡುವೆ ಇನ್ನೂ ಕಡುಗೆಂಪು. ನಮ್ಮ ತೀರ್ಪು ಹೀಗೆ: ಹೋದದ್ದು ನೇರಳೆಯ ರಸ, ಬಾಯಿ ತುಂಬುವ ದಪ್ಪ. ಬಂದದ್ದು ಎಲೆಅಡಿಕೆ ಡಬ್ಬಿ, ಒದ್ದೆ ಎಲೆ, ಮತ್ತು ಹೆಸರಿಡಲಾಗದ ಒಂದು ಸಿಹಿ. ಒಗರು ಬೆನ್ನೆಲುಬಿನಷ್ಟು ಉಳಿದಿದೆ, ಇನ್ನೂ ಹಲವು ವರ್ಷ ಬಾಳುವ ವೈನು. ಆದರೆ ವೈನಾಗಿ ನೋಡಿದರೆ 2016ರ ಬಾಟಲಿಯೇ ಮೇಲು ಎಂದು ನಾವಿಬ್ಬರೂ ಒಪ್ಪಿದೆವು, ಆಗ ಹಣ್ಣೂ ಇತ್ತು, ಹಳೆತನವೂ ಇತ್ತು. ಮೆತ್ತಗಾಗಿರುವುದನ್ನೇ ಮೇಲ್ಮೆ ಎಂದುಕೊಳ್ಳುವವರು ಈ ಮಾತು ಒಪ್ಪಲಿಕ್ಕಿಲ್ಲ. ಮಿತ್ರರು ಒಪ್ಪಲಿಲ್ಲ. ಇದು ತಾವು ಕುಡಿದ ಆರಕ್ಕಿಂತ ಬಹಳ ಚೆನ್ನಾಗಿದೆ, ಹೀಗಾಗುತ್ತದೆಂದು ಗೊತ್ತಿದ್ದರೆ ಒಂದಾದರೂ ಇಡುತ್ತಿದ್ದೆವು ಎಂದರು. ಅವರ ಶ್ರೀಮತಿ ತಕ್ಷಣ, "ಯಾವುದನ್ನ? ಗ್ರೀನ್ ಕಾರ್ಡ್ ದಿನದ್ದನ್ನಾ?" ಎಂದು ಕೇಳಿದರು. ಅವರು ಉತ್ತರ ಕೊಡಲಿಲ್ಲ.

ಇಷ್ಟಾದ ಮೇಲೂ ಯಾರಾದರೂ ಇಡುವುದಿದ್ದರೆ ನಾಲ್ಕು ಮಾತು. ಒಂದು ಬಾಟಲಿ ಇಡಬೇಡಿ, ಮೂರಾದರೂ ಬೇಕು, ಇಲ್ಲದಿದ್ದರೆ ಹೋಲಿಸುವುದು ಯಾವುದರ ಜೊತೆ? ಅಡುಗೆಮನೆಯ ಅಲಮಾರಿಯಲ್ಲಿ, ಫ್ರಿಜ್ಜಿನ ಮೇಲೆ ಇಡಬೇಡಿ. ಹದಿಮೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಕತ್ತಲು, ಮತ್ತು ಬಿರಡೆ ಒಣಗದಂತೆ ಅಡ್ಡ ಮಲಗಿಸಿ. ತೆರೆದಾಗ ಒದ್ದೆ ರಟ್ಟಿನ ವಾಸನೆ ಬಂದರೆ ಅದು ಹಳೆತನವಲ್ಲ, ಬಿರಡೆಯ ದೋಷ, ಹೊಗಳದೆ ಚೆಲ್ಲಿರಿ. ಸಿಹಿ ಇಷ್ಟಪಡುವವರು ಸೊತೆರ್ನ್ ಸೀಮೆಯ ಸಿಹಿ ಬಿಳಿ ವೈನಿನ ಅರ್ಧ ಬಾಟಲಿ ಇಡಬಹುದು. ಬೋರ್ಡೊದಲ್ಲೇ ಬಹುಕಾಲ ಬಾಳುವ ಜಾತಿ ಅದು, ಚಿನ್ನದ ಬಣ್ಣದಿಂದ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಮತ್ತು ಕಾಯಿ ಹೋಳಿಗೆಯ ಜೊತೆ ಹೊಂದುತ್ತದೆ. ಇದನ್ನು ನಾವು ಎರಡು ಯುಗಾದಿಗಳಲ್ಲಿ ಪರೀಕ್ಷಿಸಿದ್ದೇವೆ.

ಮರದ ಪೆಟ್ಟಿಗೆಯನ್ನು ಬಿಸಾಡಲು ಮನಸ್ಸು ಬರಲಿಲ್ಲ. ಶ್ರೀಮತಿಯವರು ಅದನ್ನು ಒರೆಸಿ, ಕಾಗದ ಹಾಸಿ, ಊರಿನಿಂದ ತಂದ ಹುಣಸೆಹಣ್ಣು ತುಂಬಿದ್ದಾರೆ. ಮುಚ್ಚಳದ ಮೇಲೆ 2000 ಎಂದು ಸುಟ್ಟ ಅಚ್ಚಿದೆ. ಮೊನ್ನೆ ಮನೆಗೆ ಬಂದವರೊಬ್ಬರು ಮುಚ್ಚಳ ತೆಗೆದು ನೋಡಿ, ಇಷ್ಟು ಹಳೇ ಹುಣಸೆಹಣ್ಣು ಎಲ್ಲಿ ಸಿಕ್ಕಿತು ಎಂದು ಕೇಳಿದರು.